ಕಲ್ಗಂಬಳಿ ಬುಗ್ಗೆ

ಜಾಲಿಹಟ್ಟಿಯಿಂದ ತೆಂಕಣಕ್ಕೆ ಎರಡು ಹರದಾರಿ ನಡೆದರೆ ಹೊಳೆಯ ಕೊರಕಲು ಸಿಗುತ್ತದೆ. ಹೊಳೆ ಎನ್ನುವುದು ಮರ್ಯಾದೆಯ ಮಾತು. ವರ್ಷದ ಹತ್ತು ತಿಂಗಳು ಅಲ್ಲಿರುವುದು ಬರೀ ಮರಳು. ಎರಡೂ ಕಡೆ ಕೆಂಪು ಬಂಡೆಯ ಗೋಡೆ, ಕಳ್ಳಿ ಬಿಟ್ಟರೆ ಹಸಿರಿಲ್ಲ. ಅಂಥಲ್ಲಿ ಬಂಡೆಯ ಬುಡದಿಂದ ಬಿಸಿನೀರು ಉಕ್ಕುತ್ತದೆ. ನೀರು ಬೆಳ್ಳಗೆ, ಬಾಯಿಗೆ ಸವುಳು, ಮೂಗಿಗೆ ಗಂಧಕ. ಮಂಡಿನೋವಿನವರು ಬಂದು ಕಾಲು ಇಳಿಬಿಟ್ಟು ಕೂರುತ್ತಾರೆ. ಇದಕ್ಕೆ ಕಲ್ಗಂಬಳಿ ಬುಗ್ಗೆ ಎನ್ನುತ್ತಾರೆ. ಏಕೆಂದು ಕೇಳುವವರು ಕಡಿಮೆ. ಕೇಳದಿದ್ದರೂ ಹೇಳುವುದು ನನ್ನ ಚಾಳಿ.

ಜಾಲಿಹಟ್ಟಿ ಕುರುಬರ ಹಟ್ಟಿ. ಹಿಂದೆ ಒಮ್ಮೆ ಅಲ್ಲಿ ಜಕ್ಕವ್ವನೆಂಬ ವಿಧವೆ ಇದ್ದಳಂತೆ. ಮಗಳು ಲಗಮವ್ವನ ಮದುವೆ ಗೊತ್ತಾಗಿತ್ತು. ಹೆಣ್ಣಿನ ಮನೆಯವರು ಹೊಸ ಕಂಬಳಿ ಹಾಸಿ, ಅದರ ಮೇಲೆ ಬೀಗರು ಕೂತರೇ ಸಂಬಂಧ ಗಟ್ಟಿ ಎಂಬುದು ಹಟ್ಟಿಯ ಪದ್ಧತಿ. ಕಂಬಳಿ ಇಲ್ಲವೆಂದು ದಿಬ್ಬಣ ಹಿಂದಿರುಗಿದ್ದೂ ಉಂಟು. ಜಕ್ಕವ್ವ ವರ್ಷವಿಡೀ ಉಣ್ಣೆ ನೂತು ಕಂಬಳಿ ನೇಯಿಸಿದಳು. ಮಗ್ಗದಿಂದ ಇಳಿದ ಕಂಬಳಿಯನ್ನು ಹುಣಸೆಬೀಜದ ಬಿಸಿ ಗಂಜಿಯಲ್ಲಿ ಅದ್ದಿದರೆ ಬಿಗಿ ಬರುತ್ತದೆ. ಆ ವರ್ಷ ಹುಣಸೆ ಕಾಯಿ ಬಿಟ್ಟಿರಲಿಲ್ಲ. ಬುಗ್ಗೆಯ ನೀರು ಬಿಸಿಯೂ ಇತ್ತು, ಬೆಳ್ಳಗೂ ಇತ್ತು. ದೇವರೇ ಗಂಜಿ ಕಾಸಿಟ್ಟಿದ್ದಾನೆಂದು ಹಿಗ್ಗಿ, ಅಂಚಿನ ತಗ್ಗಿನಲ್ಲಿ ಕಂಬಳಿ ಹರವಿ ಬಂದಳು. ಒಂದು ದಿನ ಸಾಕಿತ್ತು. ಬಿಗಿ ಚೆನ್ನಾಗಿ ಬರಲೆಂದು ಎಂಟು ದಿನ ಬಿಟ್ಟಳು. ಮದುವೆಯ ದಿನ ಬೆಳಿಗ್ಗೆ ಹೋಗಿ ಎಳೆದರೆ ಅದು ಬಂಡೆಗೆ ಬಂಡೆಯಾಗಿ ಹತ್ತಿಕೊಂಡಿತ್ತು. ಎಂಟೇ ದಿನಕ್ಕೆ ಕಂಬಳಿ ಕಲ್ಲಾಗುವುದುಂಟೇ ಎಂದು ಮೇಷ್ಟರೊಬ್ಬರು ನನ್ನೊಡನೆ ವಾದಿಸಿದ್ದಾರೆ. ಆಗಿನ ನೀರು ಚುರುಕಾಗಿತ್ತು ಎಂದಿದ್ದೇನೆ.

ಅಷ್ಟರಲ್ಲಿ ದಿಬ್ಬಣ ಹಟ್ಟಿಗೆ ಬಂದಿತ್ತು. ಜಕ್ಕವ್ವನಿಗೆ ಸಾಯುವಷ್ಟು ನಾಚಿಕೆಯಾಗಿ ಬುಗ್ಗೆಯ ಬಳಿಯೇ ಕೂತುಬಿಟ್ಟಳು. ವರನ ತಂದೆ ಸಿದಗೊಂಡಪ್ಪ ಹುಡುಕುತ್ತ ಬಂದಾಗ ತಲೆ ಎತ್ತದೆ ಹೇಳಿದಳಂತೆ: "ಬೀಗರ, ಕಂಬಳಿ ನನ್ನ ಕೈಯಾರ ಕೆಡಿಸೀನ್ರಿ. ನನ್ನ ತಪ್ಪಿಗೆ ಹುಡುಗಿನ್ನ ಬಿಟ್ಟು ಹೋಗಬ್ಯಾಡ್ರಿ."

ಸಿದಗೊಂಡಪ್ಪ ಬಗ್ಗಿ ಕಲ್ಲನ್ನು ಸವರಿದ. ನೇಯ್ಗೆಯ ಎಳೆಗಳು ಬೆರಳಿಗೆ ಸಿಕ್ಕವು. "ಹಾಸೀರಲ್ಲವ್ವಾ," ಎಂದ. "ಇದನ್ನ ಯಾರಿಗೂ ಮಡಚಾಕ ಬರಂಗಿಲ್ಲ. ಸಂಬಂಧ ಇಷ್ಟು ಗಟ್ಟಿ ಇದ್ರ ಸಾಕು. ಮೊದಲ ನೀವು ಕೂಡ್ರಿ." ದಿಬ್ಬಣವನ್ನು ಕೊರಕಲಿಗೇ ಕರೆಸಿದರು, ಮದುವೆ ಅಲ್ಲೇ ಆಯಿತು.

ಬುಗ್ಗೆಯ ಪಕ್ಕದ ಬಿಳಿ ಹಾಸುಗಲ್ಲಿನ ಮೇಲೆ ಸಾಲು ಗೆರೆಗಳನ್ನು ಈಗಲೂ ಕಾಣಬಹುದು. ಹಟ್ಟಿಯವರು ಮದುವೆಯ ಮಾತು ಮುಗಿಸಲು ಇಲ್ಲಿಗೇ ಬರುತ್ತಾರೆ. ಹೆಣ್ಣಿನ ತಾಯಿ ಮೊದಲು ಕೂರುತ್ತಾಳೆ. ಆಕೆ 'ಬರ್ರಿ' ಎನ್ನುವ ತನಕ ಗಂಡಿನ ಕಡೆಯವರು, ಎಷ್ಟೇ ದೊಡ್ಡ ಮನುಷ್ಯರಿರಲಿ, ಬಿಸಿಲಲ್ಲಿ ನಿಂತಿರುತ್ತಾರೆ.