ಬೀಗದೊಳಗಿನ ಕಂಪ್ಯೂಟರು, ಬಯಲಿನ ಕುಂಟೆಬಿಲ್ಲೆ

ಒಂದು ಕಾಡಿನಲ್ಲಿ ಪ್ರಾಣಿಗಳ ಮಕ್ಕಳಿಗೆಂದು ಒಂದು ಹೈಸ್ಕೂಲು ಇತ್ತು. ಇಡೀ ಶಾಲೆಗೆ ಇದ್ದದ್ದು ಒಂದೇ ಕಂಪ್ಯೂಟರು. ಆ ಕೋಣೆಯ ಬೀಗದ ಕೈ ಸದಾ ನರಿ ಮೇಷ್ಟ್ರ ಸೊಂಟದಲ್ಲಿ. ಅವರು ಕಂಪ್ಯೂಟರಿಗೆ ಹಳದಿ ಬಟ್ಟೆ ಹೊದಿಸಿ, ಕುಂಕುಮ ಇಟ್ಟು, ದಿನಾ ಊದುಬತ್ತಿ ಹಚ್ಚುತ್ತಿದ್ದರು. ಅವರ ಎ ಸೆಕ್ಷನ್ನಿನ ಮಕ್ಕಳು ಕಾಲು ತೊಳೆದು ಒಳಗೆ ಬಂದು, ಕೈಕಟ್ಟಿ ಕೂತು, ಪಾಠವನ್ನು ಬಾಯಿಪಾಠ ಮಾಡಬೇಕು. ಮುಟ್ಟಿದರೋ, ಕೆಟ್ಟರು!

"ಹಾಳಾದ್ರೆ ನಿಮ್ಮಪ್ಪ ತಂದುಕೊಡ್ತಾನೇನೋ?" ಎಂದು ನರಿ ಮೇಷ್ಟ್ರು ಗದರುತ್ತಿದ್ದರು.

ಬಿ ಸೆಕ್ಷನ್ನಿಗೆ ಅಳಿಲು ಟೀಚರ್. ಅವರು ರಜೆಯಲ್ಲಿ ಪಕ್ಕದ ಕಾಡಿಗೆ ಹೋಗಿ ಕಂಪ್ಯೂಟರ್ ಕಲಿತು ಬಂದಿದ್ದರು. ಬೀಗದ ಕೈ ಕೇಳಿದರೆ ನರಿ ಮೇಷ್ಟ್ರು ನಕ್ಕುಬಿಟ್ಟರು.

"ನಿಮ್ಮವು ಬರೀ ಕುಣಿಯೋ ಮಕ್ಕಳು ಟೀಚರೇ. ಬಯಲಲ್ಲೇ ಕಲಿಸಿಕೊಳ್ಳಿ."

ಅಳಿಲು ಟೀಚರಿಗೆ ಅಳುವೇ ಬಂತು. ಆದರೂ ಕಣ್ಣೊರೆಸಿಕೊಂಡು ಯೋಚಿಸಿದರು. ಕುಣಿಯೋ ಮಕ್ಕಳೇ ತಾನೆ? ಕುಣಿಯಲಿ!

ಮರುದಿನ ಕೆರೆದಂಡೆಯ ಮರಳಿನ ಮೇಲೆ ದೊಡ್ಡದೊಂದು ಕುಂಟೆಬಿಲ್ಲೆ ಗೀಚಿದರು. ಮೇಲೆ ಎ, ಬಿ, ಸಿ. ಪಕ್ಕದಲ್ಲಿ ಒಂದು, ಎರಡು, ಮೂರು. "ಬಿ ಮೂರು!" ಎಂದರೆ ಒಬ್ಬರು ಕುಂಟುತ್ತಾ ಹೋಗಿ ಆ ಮನೆಯಲ್ಲಿ ಹೆಸರು ಬರೆದ ಎಲೆ ಇಟ್ಟು ಬರಬೇಕು. ಚಪ್ಪಟೆ ಬಂಡೆಯ ಮೇಲೆ ಇದ್ದಿಲಿನಿಂದ ಕೀಲಿಮಣೆ ಬರೆದು ಬೆರಳಾಡಿಸುವುದನ್ನೂ ಕಲಿಸಿದರು.

"ಕಂಪ್ಯೂಟರಿನಲ್ಲೂ ಹೀಗೇ ಮನೆಗಳಿರ್ತವೆ ಮಕ್ಕಳೇ," ಎಂದರು.

ಅಷ್ಟರಲ್ಲಿ ಮೇಲಧಿಕಾರಿ ಕರಡಿ ಸಾಹೇಬರ ಕಾಗದ ಬಂತು. ತಾವೇ ಬಂದು ಪರೀಕ್ಷಿಸಿ, ಮಕ್ಕಳು ಬಳಸದಿದ್ದರೆ ಕಂಪ್ಯೂಟರನ್ನು ಬೇರೆ ಕಾಡಿಗೆ ಒಯ್ಯುವುದಾಗಿ ಅದರಲ್ಲಿತ್ತು. ಅಳಿಲು ಟೀಚರ್ ಅದನ್ನು ಎರಡೆರಡು ಸಲ ಓದಿದರು. ತಮ್ಮ ಮಕ್ಕಳು ಕಂಪ್ಯೂಟರನ್ನು ಒಮ್ಮೆಯೂ ಮುಟ್ಟದೆ ಶಾಲೆ ಮುಗಿಸುತ್ತಾರಲ್ಲ! ನರಿ ಮೇಷ್ಟ್ರು ಮಾತ್ರ ನಿಶ್ಚಿಂತೆಯಿಂದ ತಮ್ಮ ಸೆಕ್ಷನ್ನಿನ ಗಿಣಿಗೆ ಇಡೀ ಪುಸ್ತಕ ಉರು ಹೊಡೆಸಿದರು.

ಕರಡಿ ಸಾಹೇಬರು ಕಂಪ್ಯೂಟರ್ ಕೋಣೆಗೆ ಬಂದರು. ಗಿಣಿ ಪಟಪಟನೆ ಎಲ್ಲ ಒಪ್ಪಿಸಿತು.

"ಭೇಷ್," ಎಂದರು ಸಾಹೇಬರು. "ಈಗ ಬೇಸಿಗೆ. ಕೆರೆಗೆ ಯಾರು ಯಾವ ಹೊತ್ತಿಗೆ ನೀರು ಕುಡಿಯೋಕೆ ಬರಬೇಕು ಅಂತ ಒಂದು ಪಟ್ಟಿ ಮಾಡಿಕೊಡು."

ಗಿಣಿ ಮತ್ತೆ ಮೊದಲಿನಿಂದ ಒಪ್ಪಿಸತೊಡಗಿತು.

"ಅದು ಪುಸ್ತಕದ ಬದನೆಕಾಯಿ ಆಯ್ತು. ಮೇಷ್ಟ್ರೇ, ನೀವೇ ಮಾಡಿ."

ನರಿ ಮೇಷ್ಟ್ರು ಕಂಪ್ಯೂಟರಿನ ಹಳದಿ ಬಟ್ಟೆ ತೆಗೆದರು. ಅಲ್ಲಿ ಒತ್ತಿದರು, ಇಲ್ಲಿ ಒತ್ತಿದರು. ಬೆವರೊರೆಸಿಕೊಂಡರು. "ಕರೆಂಟ್ ಇಲ್ಲ ಸಾರ್."

ಸಾಹೇಬರು ತಲೆ ಎತ್ತಿದರು. "ಫ್ಯಾನು ತಿರುಗ್ತಾ ಇದೆಯಲ್ರೀ?"

ಬಂಡವಾಳ ಬಯಲಾಯಿತು. ಕಂಪ್ಯೂಟರು ಆನ್ ಮಾಡಲೂ ಬಾರದ ಮೇಷ್ಟ್ರು ಇಷ್ಟು ವರ್ಷ ಅದಕ್ಕೆ ಬರೀ ಊದುಬತ್ತಿ ಹಚ್ಚಿದ್ದರು.

ತಮ್ಮ ಮಕ್ಕಳೊಂದಿಗೆ ಬಾಗಿಲಲ್ಲಿದ್ದ ಅಳಿಲು ಟೀಚರ್ ಧೈರ್ಯ ಮಾಡಿದರು. "ಸಾರ್, ನಮ್ಮ ಮಕ್ಕಳು ಮಾಡ್ತಾರೆ."

ಟೀಚರ್ ಗುಂಡಿ ಒತ್ತಿ ಯಂತ್ರ ಎಬ್ಬಿಸಿದರು. ಪರದೆಯ ಮೇಲೆ ಖಾಲಿ ಮನೆಗಳು ಮೂಡಿದವು.

"ಅಯ್ಯೋ, ಇದು ನಮ್ಮ ಕುಂಟೆಬಿಲ್ಲೆ!" ಎಂದು ಮೊಲದ ಹುಡುಗಿ ಗಂಗಿ ಕೂಗಿದಳು.

ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಆನೆ, ಬೆಳಿಗ್ಗೆ. ಹುಲಿ, ಸಂಜೆ. ಜಿಂಕೆ, ಸಂಜೆ. ಅಲ್ಲಿಗೆ ಅವಳ ಕೈ ನಿಂತಿತು.

"ಥೂ! ಜಿಂಕೆ ಗತಿ ಮುಗೀತಲ್ಲ!" ಎಂದಳು ಗಂಗಿ. ಜಿಂಕೆಯ ಮುಂದಿನ ಸಂಜೆ ಅಳಿಸಿ ಮಧ್ಯಾಹ್ನ ಎಂದು ಬರೆದಳು.

ಕರಡಿ ಸಾಹೇಬರು ಹೊಟ್ಟೆ ಕುಲುಕಿಸಿ ನಕ್ಕರು. "ಕಂಪ್ಯೂಟರು ಇಲ್ಲೇ ಇರಲಿ. ಬೀಗದ ಕೈ ಅಳಿಲು ಟೀಚರಿಗೆ ಕೊಡಿ. ನರಿ ಮೇಷ್ಟ್ರೇ, ನಾಳೆಯಿಂದ ನೀವೂ ಬಿ ಸೆಕ್ಷನ್ನಿಗೆ ಬಂದು ಕಲೀರಿ."

ಮರುದಿನ ಬೆಳಿಗ್ಗೆ ಕೆರೆದಂಡೆಯಲ್ಲಿ ಗಂಗಿಯ ದನಿ ಕೇಳಿತು.

"ಮೇಷ್ಟ್ರೇ, ಬಿ ಮೂರು! ಒಂದೇ ಕಾಲಲ್ಲಿ!"

ನೀತಿ: ವಿದ್ಯೆಗೆ ಬೀಗ ಹಾಕಿದವನು ತನ್ನ ಅಜ್ಞಾನವನ್ನೇ ಕಾಯುತ್ತಾನೆ, ಕೈಯಾಡಿಸಿ ಆಡಿ ಕಲಿತದ್ದೇ ಹೊತ್ತಿಗೆ ಒದಗುತ್ತದೆ.