ಜಬೀನಾಳ ಮೇಜಿನ ಮೇಲಿನ ಸೇತುವೆ

ನಕ್ಷೆ ವಿಭಾಗದ ತಿಪ್ಪೇಸ್ವಾಮಿಗೂ ದಾಖಲೆ ವಿಭಾಗದ ಗುಂಡೂರಾಯರಿಗೂ ಮಾತು ಬಿಟ್ಟುಹೋಗಿತ್ತು. ಕಚೇರಿ ಒಂದೇ, ಕಂಪ್ಯೂಟರ್ ಜಾಲ ಎರಡು. ನಕ್ಷೆಗೆ ಬಂದ ಜನ ಎರಡೂ ಕೋಣೆಗೆ ಅಲೆದು ಸುಸ್ತಾಗುತ್ತಿದ್ದರು. "ಸಂಜೆಯೊಳಗೆ ಎರಡನ್ನೂ ಕೂಡಿಸಿ" ಎಂದು ದೊಡ್ಡ ಸಾಹೇಬರು ಗುಮಾಸ್ತೆ ಜಬೀನಾಗೆ ಅಪ್ಪಣೆ ಮಾಡಿದರು.

"ನನ್ನ ವೈರು ಅವರ ಕೋಣೆಗೆ ಹೋಗಕೂಡದು!" ತಿಪ್ಪೇಸ್ವಾಮಿ ಗುಡುಗಿದರು. ಗುಂಡೂರಾಯರದ್ದೂ ಅದೇ ಪಟ್ಟು.

"ಹೋಗೋದೇ ಬೇಡ ಸಾರ್. ನಡುವೆ ನನ್ನ ಮೇಜಿನ ತನಕ ಬಂದರೆ ಸಾಕು" ಎಂದಳು ಜಬೀನಾ.

ತನ್ನ ಕಂಪ್ಯೂಟರಿಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಹಾಕಿದಳು. ಒಂದಕ್ಕೆ ಅವರ ವೈರು, ಇನ್ನೊಂದಕ್ಕೆ ಇವರ ವೈರು ಸಿಕ್ಕಿಸಿದಳು. ಪರದೆಯ ಮೇಲೆ ಎರಡನ್ನೂ ಗುರುತು ಮಾಡಿ 'ಬ್ರಿಡ್ಜ್', ಅಂದರೆ ಸೇತುವೆ, ಎಂಬುದನ್ನು ಒತ್ತಿದಳು. ಈ ಕಡೆಯಿಂದ ಬಂದದ್ದನ್ನು ಕಂಪ್ಯೂಟರು ಆ ಕಡೆಗೆ ದಾಟಿಸತೊಡಗಿತು. ಇಬ್ಬರೂ ತಾವೇ ಗೆದ್ದೆವೆಂದು ಮೀಸೆ ತಿರುವಿದರು.

ಮರುದಿನ ತಂಗಿಯ ನಿಶ್ಚಿತಾರ್ಥಕ್ಕೆ ಜಬೀನಾ ರಜೆ ಹಾಕಿದಳು. ಹಿಂದಿನ ಸಂಜೆ ಕಚೇರಿಯಿಂದ ಹೊರಡುವಾಗ ತನ್ನ ಕಂಪ್ಯೂಟರನ್ನು ಮರೆಯದೆ ಬಂದ್ ಮಾಡಿದ್ದಳು.

ಮಧ್ಯಾಹ್ನ ಅವಳ ಮನೆ ಮುಂದೆ ಸ್ಕೂಟರೊಂದು ನಿಂತಿತು. ಮುಂದೆ ಗುಂಡೂರಾಯರು, ಅವರ ಹೆಗಲು ಹಿಡಿದು ಹಿಂದೆ ತಿಪ್ಪೇಸ್ವಾಮಿ.

"ಕೆಲಸವೆಲ್ಲ ನಿಂತಿದೆಯಮ್ಮಾ, ನಿನ್ನ ಪಾಸ್‌ವರ್ಡ್ ನಮಗೆ ಗೊತ್ತಿಲ್ಲ, ಬಂದು ಕಂಪ್ಯೂಟರ್ ಆನ್ ಮಾಡು!" ಎಂದರು ಇಬ್ಬರೂ.

"ಅದು ಇನ್ಯಾಕೆ ಸಾರ್?" ಜಬೀನಾ ಇಬ್ಬರಿಗೂ ಪಾಯಸದ ಬಟ್ಟಲು ಕೊಟ್ಟಳು. "ನೀವಿಬ್ಬರೂ ಒಂದೇ ಸ್ಕೂಟರಲ್ಲಿ ಬಂದಿರಲ್ಲ. ನಾಳೆ ವೈರು ನೇರವಾಗಿಯೇ ಎಳೆಸಿಬಿಡೋಣ."