ಗೌರವ್ವನ ಒಡಪು

ಆ ಸೋಮವಾರ ಗುಮಾಸ್ತೆ ಎಂದಿನಂತೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ್ದಳಷ್ಟೇ. ಕಚೇರಿಯ ಮುಖ್ಯಸ್ಥ ದುರದುಂಡಪ್ಪ ಸಾಹೇಬರು ತಮ್ಮ ಗಾಜಿನ ಕೋಣೆಯೊಳಗೆ ಕರೆದರು.

"ನಿಮ್ಮ ಹೆಂಗಸರ ಆನ್‌ಲೈನ್ ವೇದಿಕೆ ಐತಲ್ಲ, 'ಪಡಸಾಲೆ', ಅದರಾಗ ನನ್ನ ಮ್ಯಾಲೆ ದೂರು ಬರದಾಕಿ ಯಾರು? ಮಧ್ಯಾಹ್ನದೊಳಗ ಹೆಸರು ಹೇಳು. ಇಲ್ಲಾಂದ್ರ ನಿನ್ನ ವರ್ಗಾವಣಿ ಗ್ಯಾರಂಟಿ."

ಪಡಸಾಲೆಯಲ್ಲಿ ಯಾರೂ ನಿಜ ಹೆಸರು ಹಾಕುತ್ತಿರಲಿಲ್ಲ. ಎಂಟು ದಿನಗಳಿಂದ ಗೌರವ್ವ ಎಂಬ ಹೊಸಬಳೊಬ್ಬಳು ಅಲ್ಲಿ ಇದನ್ನೇ ಕೇಳುತ್ತಿದ್ದಳು: "ದೂರು ಬರದಾಕಿ ಯಾರವ್ವಾ?"

ಅದೇ ಪ್ರಶ್ನೆ ಈಗ ಸಾಹೇಬರ ಬಾಯಲ್ಲೂ ಬಂದದ್ದು ಗುಮಾಸ್ತೆಗೆ ಅನುಮಾನ ತಂದಿತು. ತನ್ನ ಮೇಜಿಗೆ ಬಂದು ಪಡಸಾಲೆಯಲ್ಲಿ ಬರೆದಳು: "ಹೇಳತೀನಿ. ಮೊದಲ ಎಲ್ಲಾರೂ ಗಂಡನ ಹೆಸರಿಟ್ಟು ಒಂದೊಂದು ಒಡಪು ಹಾಕ್ರಿ."

ಮದುವೆ ಮನೆಯಲ್ಲಿ ಹೆಂಗಸರು ಗಂಡನ ಹೆಸರನ್ನು ಪ್ರಾಸದಲ್ಲಿ ಹೆಣೆದು ಹೇಳುವಂತೆ ಒಡಪುಗಳು ಸುರಿದವು.

"ಗೌರವ್ವಾ, ನಿಂದೊಂದ ಉಳಿದೈತಿ. ನಾಚಬ್ಯಾಡ!"

ಗೌರವ್ವ ಬರೆದಳು, ಅಳಿಸಿದಳು. ಕೊನೆಗೆ ಅವಸರದಲ್ಲಿ ತನಗೆ ಗೊತ್ತಿದ್ದ ಒಂದೇ ಒಡಪನ್ನು ಹಾಕಿದಳು:

"ಬಿಸಿ ರೊಟ್ಟಿಗಿ ಬೆಣ್ಣಿ ಹಚ್ಚೀನಿ, ದುರದುಂಡಪ್ಪನವರನ್ನ ಮನಸಾರೆ ಮೆಚ್ಚೀನಿ."

ಗುಮಾಸ್ತೆ ನಿಧಾನವಾಗಿ ಬರೆದಳು: "ಸಾಹೇಬರ ಮನಿಯವರೇನ್ರಿ ಅಕ್ಕಾರ? ನೀವು ತೀರಿಕೊಂಡು ಮೂರು ವರ್ಷ ಆತಲ್ರಿ!"

ಗಾಜಿನಾಚೆ ಸಾಹೇಬರ ಕೈಯಿಂದ ಫೋನು ಜಾರಿತು.

ಅಂದು ಸಂಜೆಯವರೆಗೂ ಅವರ ಕೋಣೆಯ ಕರೆಗಂಟೆ ಕೇಳಿಸಲಿಲ್ಲ.